ಆರೈಕೆಯ ಭಾರ ಯಾರ ಹೆಗಲಿಗೆ?

ವೃದ್ಧ ತಂದೆ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿ ಕೈತೊಳೆದುಕೊಳ್ಳುವ ಮಕ್ಕಳ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ, ಜುಮಾ ಪ್ರವಚನಗಳಲ್ಲಿ ಅದರ ಬಗ್ಗೆ ಕಟು ಮಾತುಗಳು ಕೇಳಿ ಬರುತ್ತವೆ. ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ ಎಂಬ ಅಭಿಮಾನವೂ ಆ ಮಾತುಗಳ ಬೆನ್ನಿಗೇ ಇರುತ್ತದೆ. ಈ ಅಭಿಮಾನ ಪೂರ್ತಿ ನಿರಾಧಾರವೇನಲ್ಲ. ಮುಪ್ಪಿನ ತಾಯಿಯನ್ನು ಮನೆಯಿಂದ ಹೊರಗೆ ಕಳುಹಿಸುವುದನ್ನು ನಮ್ಮ ಕುಟುಂಬಗಳು ಇಂದಿಗೂ ಅವಮಾನವೆಂದೇ ಭಾವಿಸುತ್ತವೆ. ಆದರೆ ಅಭಿಮಾನ ಪಡುವ ಮೊದಲು ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕಾಗಿದೆ. ಮನೆಯಲ್ಲೇ ಉಳಿದ ಆ ತಾಯಿಗೆ ಬೆಳಗ್ಗೆ ಸ್ನಾನ ಮಾಡಿಸುವವರು ಯಾರು? ರಾತ್ರಿ ಮೂರು ಬಾರಿ ಎದ್ದು ಮಗ್ಗುಲು ಬದಲಿಸುವವರು ಯಾರು? ಒದ್ದೆಯಾದ ಬಟ್ಟೆ ಒಗೆಯುವವರು ಯಾರು? ಇದಕ್ಕೆಲ್ಲ ತಗಲುವ ವೆಚ್ಚವನ್ನು ಭರಿಸುವವರು ಯಾರು?

ಹೆಚ್ಚಿನ ಮನೆಗಳಲ್ಲಿ ಮೊದಲ ಮೂರು ಪ್ರಶ್ನೆಗಳಿಗೂ ಉತ್ತರ ಒಬ್ಬಳೇ ಹೆಣ್ಣುಮಗಳು. ಒಂದೋ ಸೊಸೆ, ಇಲ್ಲವೇ ಮದುವೆಯಾಗದೆ ಉಳಿದ ಅಥವಾ ವಿಚ್ಛೇದಿತಳಾಗಿ ತವರಿಗೆ ಮರಳಿದ ಮಗಳು. ಕೊನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಿಲ್ಲ. ಯಾರೋ ಒಬ್ಬ ಮಗ ಹಣ ಕಳುಹಿಸುತ್ತಾನೆ, ಇನ್ನೊಬ್ಬ ದುಆ ಕಳುಹಿಸುತ್ತಾನೆ, ಮತ್ತೊಬ್ಬ ದೂರದಿಂದಲೇ ಸಲಹೆ ಕಳುಹಿಸುತ್ತಾನೆ. ತಾಯಿಯನ್ನು ಮನೆಯಲ್ಲಿಟ್ಟುಕೊಂಡ ಮಾತ್ರಕ್ಕೆ ಮಕ್ಕಳ ಹೊಣೆ ತೀರುವುದಿಲ್ಲ. ಆರೈಕೆಗೆ ಸಮಯ ಬೇಕು, ತಿಳಿವಳಿಕೆ ಬೇಕು, ಹಣ ಬೇಕು. ಅದರ ಬೆಲೆಯನ್ನು ಎಲ್ಲರೂ ಹಂಚಿಕೊಳ್ಳದಿದ್ದಾಗ ಅದು ಒಬ್ಬಳ ಬೆನ್ನು, ನಿದ್ದೆ ಮತ್ತು ಆಯುಷ್ಯದಿಂದ ವಸೂಲಾಗುತ್ತದೆ. ನಾವು ಚರ್ಚಿಸಬೇಕಾದ ವಿಷಯ ಇದು.

ಬದಲಾದ ಮುಪ್ಪು

ನಮ್ಮ ಅಜ್ಜ ಅಜ್ಜಿಯರ ಕಾಲದ ಮುಪ್ಪಿಗೂ ಇಂದಿನ ಮುಪ್ಪಿಗೂ ದೊಡ್ಡ ಅಂತರವಿದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10.4 ಕೋಟಿ ಮಂದಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಪ್ರಕಟಿಸಿದ ವರದಿಯು 2022ರ ವೇಳೆಗೆ ಈ ಸಂಖ್ಯೆ 14.9 ಕೋಟಿಗೆ ತಲುಪಿರುವುದಾಗಿಯೂ 2050ಕ್ಕೆ ಸುಮಾರು 34.7 ಕೋಟಿಯಾಗಬಹುದೆಂದೂ ಅಂದಾಜಿಸಿದೆ. ಅಂದರೆ ಐವರು ಭಾರತೀಯರಲ್ಲಿ ಒಬ್ಬರು ವೃದ್ಧರಾಗಿರುವ ಕಾಲ ದೂರವಿಲ್ಲ.

ಸಂಖ್ಯೆಗಿಂತಲೂ ಮುಖ್ಯವಾದುದು ಕಾಯಿಲೆಯ ಸ್ವರೂಪ. ಹಿಂದೆ ಪಾರ್ಶ್ವವಾಯು ಬಡಿದವರು, ಸೊಂಟದ ಮೂಳೆ ಮುರಿದವರು ಕೆಲವು ವಾರಗಳಲ್ಲಿ ಕಣ್ಣು ಮುಚ್ಚುತ್ತಿದ್ದರು. ಇಂದಿನ ವೈದ್ಯಕೀಯ ಸೌಲಭ್ಯ ಅವರ ಪ್ರಾಣವನ್ನು ಉಳಿಸುತ್ತದೆ. ಆದರೆ ನಡೆಯುವ ಶಕ್ತಿಯನ್ನು ಎಲ್ಲರಿಗೂ ಮರಳಿಸುವುದಿಲ್ಲ. ಮಧುಮೇಹ, ಮರೆವಿನ ಕಾಯಿಲೆ, ಪಾರ್ಕಿನ್‌ಸನ್‌ನಂಥ ರೋಗಗಳೊಂದಿಗೆ ಐದು, ಹತ್ತು ವರ್ಷ ಬದುಕುವವರು ಇಂದು ಪ್ರತಿ ಬೀದಿಯಲ್ಲೂ ಇದ್ದಾರೆ. ಇನ್ನೊಂದೆಡೆ ಕುಟುಂಬ ಕಿರಿದಾಗಿದೆ. ಹತ್ತು ಮಂದಿಯಿದ್ದ ಮನೆಯಲ್ಲಿ ಇಂದು ನಾಲ್ವರಿದ್ದಾರೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಗಂಡುಮಕ್ಕಳು ದುಬೈ, ದಮಾಮ್, ದೋಹಾಗಳಲ್ಲಿದ್ದಾರೆ. ಒಳನಾಡಿನ ಪಟ್ಟಣಗಳವರು ಬೆಂಗಳೂರು ಸೇರಿದ್ದಾರೆ. ಕೂಡು ಕುಟುಂಬದ ಕಾಲದಲ್ಲಿ ನಾಲ್ಕೈದು ಕೈಗಳು ಮಾಡುತ್ತಿದ್ದ ಕೆಲಸ ಈಗ ಎರಡು ಕೈಗಳ ಮೇಲೆ ಬಿದ್ದಿದೆ. ಆದರೆ ನಮ್ಮ ಮಾತು, ನಮ್ಮ ಉಪದೇಶ ಇನ್ನೂ ಆ ಹಳೆಯ ಮನೆಯನ್ನೇ ಕಲ್ಪಿಸಿಕೊಂಡಿದೆ.

ಸೊಸೆಯ ಕಡ್ಡಾಯವೇ?

ಕೇಂದ್ರ ಸರಕಾರದ ಅಂಕಿಅಂಶ ಇಲಾಖೆ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, 15ರಿಂದ 59 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದಾರೆ. ಪುರುಷರಲ್ಲಿ ಈ ಪ್ರಮಾಣ ಶೇ. 21.4. ಹಾಗೆ ತೊಡಗಿದ ಮಹಿಳೆ ದಿನಕ್ಕೆ ಸುಮಾರು 140 ನಿಮಿಷಗಳನ್ನು ವ್ಯಯಿಸಿದರೆ ಪುರುಷ 74 ನಿಮಿಷಗಳನ್ನು ವ್ಯಯಿಸುತ್ತಾನೆ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಅಡುಗೆ, ಒಗೆತ, ಗುಡಿಸುವ ಕೆಲಸಗಳು ಸೇರಿಲ್ಲ. ಸಂಬಳವಿಲ್ಲದ, ರಜೆಯಿಲ್ಲದ ಈ ದುಡಿಮೆಗೆ ನಾವು 'ಸೇವೆ' ಎಂಬ ಗೌರವದ ಹೆಸರನ್ನಿಟ್ಟಿದ್ದೇವೆ. ಹೆಸರು ದೊಡ್ಡದಾದಷ್ಟೂ ದಣಿದೆನೆಂದು ಹೇಳುವ ಹಕ್ಕು ಅವಳಿಗೆ ಕಡಿಮೆಯಾಗುತ್ತದೆ.

ತಂದೆ ತಾಯಿಯ ಮುಂದೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಬಾರದೆಂಬ ಕುರ್‌ಆನ್‌ನ ಬೋಧನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಆದರೆ ಆ ಆದೇಶ ಯಾರನ್ನು ಉದ್ದೇಶಿಸಿದ್ದು? ಮಕ್ಕಳನ್ನು. ಅತ್ತೆ ಮಾವಂದಿರ ದೈಹಿಕ ಸೇವೆಯನ್ನು ಸೊಸೆಯ ಮೇಲೆ ಶರೀಅತ್ ಕಡ್ಡಾಯಗೊಳಿಸಿಲ್ಲ. ಅವಳು ಮಾಡಿದರೆ ಅದು ಅವಳ ಔದಾರ್ಯ, ಅದಕ್ಕೆ ಅಲ್ಲಾಹನಲ್ಲಿ ಪ್ರತಿಫಲವಿದೆ. ಹೊಣೆ ಮಾತ್ರ ಮಗನದು, ಮಗಳದು. ಇದು ವಿದ್ವಾಂಸರಿಗೆಲ್ಲ ತಿಳಿದಿರುವ ವಿಷಯ. ಆದರೂ ವೇದಿಕೆಯಲ್ಲಿ ಇದನ್ನು ಹೇಳಲು ಹಿಂಜರಿಯಲಾಗುತ್ತದೆ. ಹೇಳಿದರೆ ಸೊಸೆಯಂದಿರು ಕೆಲಸ ಬಿಟ್ಟಾರೆಂಬ ಭಯ. ಒಬ್ಬರ ಔದಾರ್ಯವನ್ನು ಕಡ್ಡಾಯವೆಂದು ನಂಬಿಸಿ ಪಡೆಯುವ ಸೇವೆಯಲ್ಲಿ ನ್ಯಾಯವೂ ಇಲ್ಲ, ಅದರಿಂದ ವೃದ್ಧರಿಗೆ ನೆಮ್ಮದಿಯೂ ಇಲ್ಲ. ಸೊಸೆ ಮಾಡುವುದು ಉಪಕಾರವೆಂದು ಮನೆಯವರೆಲ್ಲ ಒಪ್ಪಿಕೊಂಡ ಕಡೆ ಅವಳು ಹೆಚ್ಚು ಪ್ರೀತಿಯಿಂದಲೇ ಮಾಡುತ್ತಾಳೆ. ಒತ್ತಾಯದ ಸೇವೆಯ ಕಹಿಯನ್ನು ಉಣ್ಣುವುದು ಕೊನೆಗೆ ಹಾಸಿಗೆಯಲ್ಲಿರುವ ಉಮ್ಮನೇ.

ಮೊದಲು ಲೆಕ್ಕ, ಆಮೇಲೆ ಹುಡುಕಾಟ

ಆದ್ದರಿಂದ ತಂದೆ ತಾಯಿಗೆ ಆರೈಕೆ ಬೇಕಾದಾಗ ಮೊದಲು ಮಾಡಬೇಕಾದುದು ಹೋಂ ನರ್ಸ್‌ನ ಹುಡುಕಾಟವಲ್ಲ. ಮಕ್ಕಳೆಲ್ಲರೂ ಕುಳಿತು ನಡೆಸುವ ಸಮಾಲೋಚನೆ. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಅದರಲ್ಲಿರಬೇಕು. ವಿದೇಶದಲ್ಲಿರುವವರು ಫೋನಿನಲ್ಲಾದರೂ ಇರಬೇಕು. ಮಾತಾಡುವ ಸ್ಥಿತಿಯಲ್ಲಿದ್ದರೆ ತಾಯಿ ಅಥವಾ ತಂದೆಯೂ ಇರಬೇಕು. ಮನೆಯ ಗೋಡೆಗೆ ಯಾವ ಬಣ್ಣ ಬಳಿಯಬೇಕೆಂದು ಹಿರಿಯರನ್ನು ಕೇಳುವ ನಾವು ಅವರ ದೇಹವನ್ನು ಯಾರು ತೊಳೆಯಬೇಕೆಂದು ಅವರನ್ನೇ ಕೇಳುವುದಿಲ್ಲ.

ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಹೋಂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ ಮೂರರಂತೆ ಡೈಪರ್, ಒಂದಕ್ಕೆ 40 ರೂಪಾಯಿಯಾದರೆ ತಿಂಗಳಿಗೆ 3,600. ಔಷಧಕ್ಕೆ 4,000. ವಾರಕ್ಕೆರಡು ಬಾರಿ ಫಿಸಿಯೋಥೆರಪಿಗೆ 500ರಂತೆ 4,000. ಒಟ್ಟು 31,600. ಒಬ್ಬ ಮಧ್ಯಮ ವರ್ಗದ ಮಗನಿಗೆ ಇದು ಬೆನ್ನು ಮುರಿಯುವ ಮೊತ್ತ. ಅದನ್ನೇ ನಾಲ್ವರು ಸಮನಾಗಿ ಹಂಚಿಕೊಂಡರೆ ತಲಾ 7,900. ಸಮಪಾಲೇ ಆಗಬೇಕೆಂದಿಲ್ಲ. ಹೆಚ್ಚು ದುಡಿಯುವವನು ಹೆಚ್ಚು, ಕಡಿಮೆ ದುಡಿಯುವವನು ಕಡಿಮೆ ಕೊಡಲಿ. ತಾಯಿಯ ಬಳಿಯೇ ಇದ್ದು ರಾತ್ರಿ ಎದ್ದು ನೋಡುವವರ ಶ್ರಮವನ್ನು ಹಣದ ಪಾಲೆಂದೇ ಎಣಿಸಬೇಕು. ಅವರಿಂದ ಮತ್ತೆ ಹಣ ಕೇಳಬಾರದು. ನೌಕರಿ ಬಿಟ್ಟು ತಾಯಿಯನ್ನು ನೋಡಿಕೊಳ್ಳುವ ಮಗಳಿದ್ದರೆ ಹೋಂ ನರ್ಸ್‌ಗೆ ಕೊಡಬಹುದಾಗಿದ್ದ ಮೊತ್ತದ ಒಂದಂಶವನ್ನಾದರೂ ಪ್ರತಿ ತಿಂಗಳು ಅವಳ ಕೈಗೆ ನೀಡುವುದರಲ್ಲಿ ಅವಮಾನವೇನೂ ಇಲ್ಲ. ಹೊರಗಿನವರಿಗೆ ಕೊಟ್ಟರೆ ಸಂಬಳ, ತಂಗಿಗೆ ಕೊಟ್ಟರೆ ಅವಮಾನ ಎಂಬ ತರ್ಕದ ಹಿಂದಿರುವುದು ಬರೀ ಜಿಪುಣತನ.

ಇನ್ನೊಂದು ಕಟು ಸತ್ಯವನ್ನೂ ಹೇಳಬೇಕಾಗಿದೆ. ಎಷ್ಟೋ ಮನೆಗಳಲ್ಲಿ ತಾಯಿಯ ಚಿನ್ನ ಬ್ಯಾಂಕಿನ ಲಾಕರಿನಲ್ಲಿದೆ, ತಂದೆಯ ಹೆಸರಿನಲ್ಲಿ ಅಂಗಡಿಯ ಬಾಡಿಗೆ ಬರುತ್ತಿದೆ; ಆದರೆ ಅವರು ಮಲಗಿರುವುದು ಹುಣ್ಣು ತರುವ ಹಳೆಯ ಹಾಸಿಗೆಯ ಮೇಲೆ. ತಂದೆ ತಾಯಿಯ ಸೊತ್ತು ಅವರು ಬದುಕಿರುವವರೆಗೂ ಅವರದೇ. ಅವರ ಆರೈಕೆಗೆ ಮೊದಲು ಉಪಯೋಗವಾಗಬೇಕಾದುದು ಅದು. ಅದು ಸಾಲದಿದ್ದಾಗ ಶಕ್ತರಾದ ಮಕ್ಕಳೆಲ್ಲರ ಮೇಲೆ ಹೊಣೆ ಬರುತ್ತದೆ. ನಾಳೆ ಪಾಲಾಗಲಿರುವ ಆಸ್ತಿಯನ್ನು ಇಂದು ಕಾಪಾಡುವ ಸಲುವಾಗಿ ಆರೈಕೆಯಲ್ಲಿ ಮಿತವ್ಯಯ ಮಾಡುವುದು ಯಾವ ಧರ್ಮದಲ್ಲೂ ಮಾತೃಭಕ್ತಿ ಎನಿಸುವುದಿಲ್ಲ. ಹಾಗೆಯೇ ಆಸ್ತಿ ಹಂಚುವಾಗ ಮಗಳು ತನ್ನ ಪಾಲನ್ನು 'ಬಿಟ್ಟುಕೊಟ್ಟಳು' ಎಂದು ಬರೆಸಿಕೊಂಡು, ಸೇವೆಯ ಸಂದರ್ಭದಲ್ಲಿ ಮಾತ್ರ ಅವಳನ್ನು ನೆನಪಿಸಿಕೊಳ್ಳುವ ಸಹೋದರರೂ ತಮ್ಮ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕಾಗಿದೆ.

ಹಿಬಾ ಮೂಲಕ ಮನೆಯನ್ನು ಮಕ್ಕಳಲ್ಲೊಬ್ಬರಿಗೆ ಬರೆದುಕೊಡುವ ಹಿರಿಯರು ಕಾನೂನಿನ ಒಂದು ಅಂಶವನ್ನು ಗಮನದಲ್ಲಿಡುವುದು ಒಳಿತು. ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007 ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರು ಕೊಟ್ಟ ಆಸ್ತಿಯನ್ನು, ಆ ಷರತ್ತು ಪಾಲನೆಯಾಗದಿದ್ದರೆ ಮರಳಿ ಪಡೆಯಲು ಅದರ 23ನೇ ಕಲಮು ಅವಕಾಶ ನೀಡುತ್ತದೆ. ಅಂಥ ಷರತ್ತು ಇತ್ತೆಂಬುದು ಸ್ಥಾಪಿತವಾಗಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. ಹಿರಿಯರ ಹಿತಕ್ಕಾಗಿ ರೂಪುಗೊಂಡ ಈ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಹೇಳಿದೆ. ಬಾಯಿ ಮಾತಿನ ಭರವಸೆಯನ್ನು ನೆಚ್ಚುವುದಕ್ಕಿಂತ ಪತ್ರದಲ್ಲೇ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ಮಕ್ಕಳ ಮೇಲಿನ ಅವಿಶ್ವಾಸವಲ್ಲ. ಅದು ವಿವೇಕ. ಆದರೆ ಷರತ್ತಿನ ಹಿಬಾದ ಬಗ್ಗೆ ಶರೀಅತ್‌ನ ನಿಯಮವೂ ಇರುವುದರಿಂದ ಬರೆಸುವ ಮೊದಲು ವಿದ್ವಾಂಸರನ್ನೂ ವಕೀಲರನ್ನೂ ಕೇಳಿಕೊಳ್ಳಬೇಕು.

ಬೇಕಾದುದು ಎಷ್ಟು?

ಆರೈಕೆ ದುಬಾರಿಯಾಗಲು ಇನ್ನೊಂದು ಕಾರಣ, ಏನು ಬೇಕೆಂದು ಗುರುತಿಸದೆ ಸಿಕ್ಕಿದ್ದನ್ನು ಕೊಳ್ಳುವುದು. ದಿನಕ್ಕೆ ಎರಡು ಗಂಟೆಯ ನೆರವು ಸಾಕಾಗುವ ಮನೆಯಲ್ಲಿ ಇಪ್ಪತ್ತನಾಲ್ಕು ಗಂಟೆಯ ಹೋಂ ನರ್ಸ್ ಇರುತ್ತಾರೆ. ತರಬೇತಿ ಪಡೆದ ನರ್ಸ್ ಬೇಕಾದ ಕಡೆ ಏನೂ ಅರಿಯದ ಹುಡುಗಿಯನ್ನು ನಿಲ್ಲಿಸಲಾಗುತ್ತದೆ. ಎರಡರಲ್ಲೂ ನಷ್ಟವಿದೆ, ಎರಡನೆಯದರಲ್ಲಿ ಪ್ರಾಣಾಪಾಯವೂ ಇದೆ.

ನಡೆದಾಡಬಲ್ಲ, ಆದರೆ ಬೀಳುವ ಭಯವಿರುವ ಹಿರಿಯರಿಗೆ ಮೊದಲು ಬೇಕಾದುದು ಮನುಷ್ಯರಲ್ಲ, ಮನೆಯ ಸಣ್ಣ ಬದಲಾವಣೆ. ಬಚ್ಚಲಿನ ಗೋಡೆಗೆ ಕಬ್ಬಿಣದ ಹಿಡಿಕೆ, ಜಾರದ ನೆಲ, ವುಝೂ ಮಾಡಲು ಕುಳಿತುಕೊಳ್ಳುವ ಎತ್ತರದ ಸ್ಟೂಲು, ಹಾಸಿಗೆಯ ಬಳಿ ಕಮೋಡ್ ಕುರ್ಚಿ, ರಾತ್ರಿ ಉರಿಯುವ ಪುಟ್ಟ ದೀಪ. ಒಮ್ಮೆ ಮಾಡುವ ಈ ಖರ್ಚು ಸೊಂಟದ ಶಸ್ತ್ರಚಿಕಿತ್ಸೆಯ ಲಕ್ಷಗಳನ್ನು ಉಳಿಸಬಲ್ಲದು. ಇಂಥವರಿಗೆ ಬೆಳಗ್ಗೆ ಸ್ನಾನದ ಹೊತ್ತಿಗೆ ಬಂದು ಹೋಗುವ ಸಹಾಯಕಿ ಸಾಕು.

ಹಾಸಿಗೆ ಹಿಡಿದವರ ಸ್ಥಿತಿ ಬೇರೆ. ಅವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸದಿದ್ದರೆ ಸೊಂಟದ ಹಿಂಭಾಗ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಏರ್ ಬೆಡ್ ತಂದರೂ ಮಗ್ಗುಲು ಬದಲಿಸುವ ಅಗತ್ಯ ತಪ್ಪುವುದಿಲ್ಲ. ಊಟ ಮಾಡಿಸುವಾಗ ಬೆನ್ನಿಗೆ ಆಸರೆ ಕೊಟ್ಟು ಕೂರಿಸಬೇಕು. ಮಲಗಿಸಿ ತಿನ್ನಿಸಿದರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರಬಹುದು. ಇಲ್ಲಿ ಹಗಲಿಗೊಬ್ಬ ಸಹಾಯಕಿ, ರಾತ್ರಿಗೆ ಮನೆಯವರ ಸರದಿ ಎಂಬ ವ್ಯವಸ್ಥೆ ಖರ್ಚನ್ನು ಗಣನೀಯವಾಗಿ ತಗ್ಗಿಸುತ್ತದೆ. ಆ ಸರದಿಯಲ್ಲಿ ಗಂಡಸರೂ ಇರಬೇಕು. ತಂದೆಯನ್ನು ಎತ್ತಿ ಕೂರಿಸಲು, ಅವರ ಮೈ ಒರೆಸಲು ಮಗನಿಗಿಂತ ಯೋಗ್ಯರು ಯಾರಿದ್ದಾರೆ?

ಮೂಗಿನ ನಳಿಕೆ, ಮೂತ್ರದ ನಳಿಕೆ ಇರುವವರಿಗೆ ನಳಿಕೆ ಬದಲಿಸಲು ತರಬೇತಾದ ನರ್ಸ್ ಆಗಾಗ ಬಂದು ಹೋದರೆ ಸಾಕು. ದಿನನಿತ್ಯದ ಜಾಗ್ರತೆಯನ್ನು ಮನೆಯವರು ಕಲಿಯಬಹುದು. ಆಸ್ಪತ್ರೆಯಿಂದ ಬಿಡುಗಡೆಯಾಗುವ ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಬಳಿ ನಿಂತು ಇದನ್ನು ಕಲಿಸಿಕೊಡಿ ಎಂದು ಕೇಳುವುದು ಕುಟುಂಬದ ಹಕ್ಕು. ಮರೆವಿನ ಕಾಯಿಲೆಯವರಿಗೆ ಶುಶ್ರೂಷೆಗಿಂತ ಕಾವಲು ಮುಖ್ಯ, ಪರಿಚಿತ ಮುಖ ಮುಖ್ಯ. ತಿಂಗಳಿಗೊಬ್ಬ ಸಹಾಯಕಿಯನ್ನು ಬದಲಿಸುತ್ತಾ ಹೋದರೆ ಅವರ ಗೊಂದಲ ಹೆಚ್ಚುತ್ತದೆ.

ದುಡಿಯುವವಳ ಹಕ್ಕು

ಆರೈಕೆಗೆ ಬರುವ ಹೆಣ್ಣುಮಗಳ ಬಗ್ಗೆಯೂ ಕೆಲವು ಮಾತು ಹೇಳಲೇಬೇಕು. ಅವಳೂ ಯಾರದೋ ಮಗಳು. ಹೆಚ್ಚಾಗಿ ತನ್ನ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ತಾಯಿ. ಏಜೆನ್ಸಿಗಳ ಮೂಲಕ ಕರೆಸಿಕೊಳ್ಳುವಾಗ ನಾವು ಕೊಡುವ ಹಣದಲ್ಲಿ ಅವಳ ಕೈಸೇರುವುದೆಷ್ಟು ಎಂದು ಕೇಳಿ ತಿಳಿಯಬೇಕು. ಗುರುತಿನ ದಾಖಲೆ, ಹಿಂದೆ ಕೆಲಸ ಮಾಡಿದ ಮನೆಯವರ ಅಭಿಪ್ರಾಯ ಪಡೆಯುವುದು ನಮ್ಮ ಹಕ್ಕು. ಕೆಲಸವೇನು, ಸಂಬಳವೆಷ್ಟು, ವಾರದ ರಜೆ ಯಾವಾಗ, ರಾತ್ರಿ ನಿದ್ದೆಗೆ ಎಷ್ಟು ಗಂಟೆ ಎಂಬುದನ್ನು ಬರೆದು ಕೊಡುವುದು ಅವಳ ಹಕ್ಕು. ವೃದ್ಧರನ್ನು ನೋಡಿಕೊಳ್ಳಲು ಕರೆಸಿ, ಇಡೀ ಮನೆಯ ಪಾತ್ರೆ ಬಟ್ಟೆಗಳನ್ನೂ ಅವಳ ಮೇಲೆ ಹೇರುವುದು ಅನ್ಯಾಯ. ಗೃಹ ಕಾರ್ಮಿಕರಿಗೆ ಕನಿಷ್ಠ ವೇತನ ನಿಗದಿಪಡಿಸಿ ಕರ್ನಾಟಕ 2004ರಲ್ಲೇ ಅಧಿಸೂಚನೆ ಹೊರಡಿಸಿತ್ತು. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯನ್ನು ಅವಳಿಗೆ ಮಾಡಿಸಿಕೊಡುವುದು ನಮಗೆ ಅರ್ಧ ಗಂಟೆಯ ಕೆಲಸ.

ಸಹಾಯಕಿ ಯಾವ ಧರ್ಮದವಳು ಎಂಬ ವಿಚಾರಣೆ ಕೆಲವು ಮನೆಗಳಲ್ಲಿ ಮೊದಲ ಪ್ರಶ್ನೆಯಾಗಿದೆ. ಆಸ್ಪತ್ರೆಯ ಹಾಸಿಗೆಯಲ್ಲಿ ನಮ್ಮ ಹಿರಿಯರ ಗಾಯ ತೊಳೆಯುವ ಸಿಸ್ಟರ್‌ನ ಧರ್ಮವನ್ನು ನಾವು ಕೇಳುವುದಿಲ್ಲ. ಮನೆಗೆ ಬಂದಾಗ ಕೇಳುವುದೇಕೆ? ತಾಯಿಗೆ ಮಹಿಳೆಯೇ ಬೇಕು, ತಂದೆಗೆ ಪುರುಷ ಸಹಾಯಕ ಬೇಕು ಎಂಬುದು ಮರ್ಯಾದೆಯ ಸಹಜ ಬೇಡಿಕೆ. ಅದರಾಚೆಗೆ ನೋಡಬೇಕಾದುದು ಕೈಯ ನಯ ಮತ್ತು ಮನಸ್ಸಿನ ತಾಳ್ಮೆ. ಮನುಷ್ಯರನ್ನು ಮನುಷ್ಯರಿಂದ ದೂರವಿಡುವ ರಾಜಕೀಯ ಬೀದಿಯಲ್ಲಿ ಸಾಕಷ್ಟಿದೆ. ಅದನ್ನು ನಾವು ತಾಯಿಯ ಕೋಣೆಗೆ ಕರೆತರಬಾರದು.

ಝಕಾತ್‌ನ ಬಗ್ಗೆಯೂ ಸ್ಪಷ್ಟತೆ ಅಗತ್ಯ. ಸ್ವಂತ ತಂದೆ ತಾಯಿಗೆ ಝಕಾತ್ ಕೊಡುವಂತಿಲ್ಲ. ಏಕೆಂದರೆ ಅವರ ಪೋಷಣೆ ನಮ್ಮ ಬಾಧ್ಯತೆ. ಹಾಗೆಯೇ ಆರೈಕೆ ಮಾಡುವವಳಿಗೆ ಕೊಡಬೇಕಾದ ಸಂಬಳವನ್ನು ಝಕಾತ್‌ನ ಲೆಕ್ಕಕ್ಕೆ ಬರೆಯುವಂತಿಲ್ಲ. ಅದು ಅವಳ ಬೆವರಿನ ಬೆಲೆ. ಆದರೆ ನೆರೆಮನೆಯ ಬಡ ವೃದ್ಧೆಗೆ ಡೈಪರ್, ಔಷಧ, ಸಹಾಯಕಿಯ ಖರ್ಚಿಗೆ ನಮ್ಮ ಝಕಾತ್ ಧಾರಾಳವಾಗಿ ಸಲ್ಲಬಹುದು.

ಸರಕಾರ ಎಲ್ಲಿದೆ?

ಇಷ್ಟೆಲ್ಲವೂ ಕುಟುಂಬದ ಹೊಣೆಯೆಂದು ಹೇಳಿ ಸರಕಾರವನ್ನು ಬಿಟ್ಟುಬಿಡಲಾಗದು. 70 ವರ್ಷ ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷ ರೂಪಾಯಿ ವರೆಗಿನ ಚಿಕಿತ್ಸೆ ಒದಗಿಸುವಂತೆ ಕೇಂದ್ರ ಸರಕಾರ 2024ರಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಯಲ್ಲಿ ದಾಖಲಾದವರಿಗೆ. ಬಿಡುಗಡೆಯಾದ ಬಳಿಕದ 15 ದಿನಗಳ ವೆಚ್ಚವಷ್ಟೇ ಅದರಲ್ಲಿ ಸೇರಿದೆ. ಹದಿನಾರನೆಯ ದಿನದಿಂದ ಆರಂಭವಾಗುವ ವರ್ಷಗಟ್ಟಲೆಯ ಮನೆಯ ಆರೈಕೆಗೆ ಅದರಲ್ಲಿ ಸ್ಥಳವಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿಸಲಾಯಿತು. ಮೇಲೆ ಹೇಳಿದ ಉದಾಹರಣೆಯಲ್ಲಿ ಅದು ಹತ್ತು ದಿನಗಳ ಡೈಪರಿಗೆ ಸರಿ. 2007ರ ಕಾಯ್ದೆಯಡಿ ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆದರೆ ಅಲ್ಲಿ ವಿಧಿಸಬಹುದಾದ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಕಾಯ್ದೆ ಬಂದಾಗಿನ ಹತ್ತು ಸಾವಿರಕ್ಕೂ ಇಂದಿನ ಹತ್ತು ಸಾವಿರಕ್ಕೂ ಇರುವ ವ್ಯತ್ಯಾಸವನ್ನು ಸಂಸತ್ತಿಗೆ ಯಾರಾದರೂ ತಿಳಿಸಬೇಕಾಗಿದೆ.

ಆದಾಗ್ಯೂ ಇರುವ ಸೌಲಭ್ಯಗಳನ್ನು ಬಳಸಿಕೊಳ್ಳದಿರುವುದು ಜಾಣತನವಲ್ಲ. 2010ರಲ್ಲಿ ಆರಂಭವಾದ ವೃದ್ಧರ ಆರೋಗ್ಯಕ್ಕಾಗಿನ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಸಿಬ್ಬಂದಿ ಭೇಟಿ ನೀಡುವ ಅಂಶವಿದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಡ ಹಿರಿಯರಿಗೆ ಗಾಲಿಕುರ್ಚಿ, ಊರುಗೋಲು, ಶ್ರವಣ ಸಾಧನಗಳು ಉಚಿತವಾಗಿ ಸಿಗುತ್ತವೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567. ನಮ್ಮ ಎಷ್ಟು ಮೊಹಲ್ಲಾಗಳಲ್ಲಿ ಇವುಗಳ ಮಾಹಿತಿ ಮಸೀದಿಯ ಫಲಕದಲ್ಲಿದೆ?

ಮಲಪ್ಪುರಂನ ಪಾಠ

ಕುಟುಂಬಕ್ಕೂ ಸರಕಾರಕ್ಕೂ ನಡುವೆ ಇನ್ನೊಂದು ಶಕ್ತಿಯಿದೆ: ನೆರೆಹೊರೆ. ಅದು ಏನು ಮಾಡಬಲ್ಲದು ಎಂಬುದಕ್ಕೆ ದೂರ ಹೋಗಬೇಕಿಲ್ಲ, ನೆರೆಯ ಕೇರಳವನ್ನು ನೋಡಿದರೆ ಸಾಕು. 1993ರಲ್ಲಿ ಕೋಝಿಕ್ಕೋಡ್‌ನ ಸರಕಾರಿ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನ ಮತ್ತು ಸಾಂತ್ವನ ಆರೈಕೆಯ ಒಂದು ಪುಟ್ಟ ಸಂಸ್ಥೆಯನ್ನು ಕಟ್ಟಿದರು. ರೋಗಿಗಳೆಲ್ಲ ಆಸ್ಪತ್ರೆಗೆ ಬರಲಾಗದು, ಆರೈಕೆಯೇ ಅವರ ಮನೆಗೆ ಹೋಗಬೇಕೆಂಬ ಅರಿವಿನಿಂದ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯ ಜಾಲವೊಂದು ಬೆಳೆಯಿತು. ವಾರಕ್ಕೆ ಎರಡು ಗಂಟೆ ಕೊಡಬಲ್ಲ ಸಾಮಾನ್ಯ ಜನರನ್ನು ಆರಿಸಿ ತರಬೇತಿ ನೀಡಲಾಯಿತು. ಶಿಕ್ಷಕರು, ವ್ಯಾಪಾರಿಗಳು, ಗೃಹಿಣಿಯರು, ವಿದ್ಯಾರ್ಥಿಗಳು ನರ್ಸ್‌ನೊಂದಿಗೆ ಮನೆ ಮನೆಗೆ ಹೋದರು. ಖರ್ಚಿನ ದೊಡ್ಡ ಪಾಲು ಊರವರ ಸಣ್ಣ ಸಣ್ಣ ದೇಣಿಗೆಗಳಿಂದ ಬಂತು. ಮುಸ್ಲಿಮರು ಬಹುಸಂಖ್ಯಾತರಾಗಿರುವ ಆ ಜಿಲ್ಲೆಯಲ್ಲಿ ಈ ಸೇವೆ ಎಲ್ಲ ಧರ್ಮದವರ ಬಾಗಿಲನ್ನೂ ತಟ್ಟಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿ ಪ್ರತ್ಯೇಕ ನೀತಿಯನ್ನೇ ರೂಪಿಸಿತು. ಮನೆ ಆರೈಕೆ ಪಂಚಾಯತ್‌ಗಳ ಕೆಲಸವಾಯಿತು. ಅಂದರೆ ಜನ ಮೊದಲು ನಡೆದರು, ಸರಕಾರ ಹಿಂಬಾಲಿಸಿತು.

ನಮ್ಮ ಪಟ್ಟಣಗಳ ಜಮಾಅತ್‌ಗಳು ಇದೇ ಹಾದಿಯಲ್ಲಿ ಸಾಗಲು ಭಾರೀ ಬಂಡವಾಳ ಬೇಕಿಲ್ಲ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ಹಿರಿಯರ ಗಾಲಿಕುರ್ಚಿ, ವಾಕರ್, ಏರ್ ಬೆಡ್, ಆಸ್ಪತ್ರೆ ಮಂಚಗಳು ಅಟ್ಟದಲ್ಲಿ ಧೂಳು ಹಿಡಿಯುತ್ತಿವೆ. ಮಸೀದಿಯ ಒಂದು ಕೋಣೆಯಲ್ಲಿ ಅವುಗಳನ್ನು ಸಂಗ್ರಹಿಸಿ, ಶುಚಿಗೊಳಿಸಿ, ಬೇಕಾದವರಿಗೆ ಎರವಲು ನೀಡಿದರೆ ಒಂದೊಂದು ಕುಟುಂಬಕ್ಕೂ ಸಾವಿರಾರು ರೂಪಾಯಿ ಉಳಿಯುತ್ತದೆ. ಮೊಹಲ್ಲಾದ ವಿಧವೆಯರು, ವಿಚ್ಛೇದಿತೆಯರ ಪೈಕಿ ಆಸಕ್ತರನ್ನು ಆರಿಸಿ, ಹತ್ತಿರದ ಆಸ್ಪತ್ರೆಯ ನೆರವಿನಿಂದ ಆರೈಕೆಯ ತರಬೇತಿ ಕೊಡಿಸಬಹುದು. ತರಬೇತಿಯ ಅವಧಿಯಲ್ಲಿ ಅವರ ಮನೆಖರ್ಚನ್ನು ಬೈತುಲ್ ಮಾಲ್ ನೋಡಿಕೊಳ್ಳಲಿ. ವರ್ಷಕ್ಕೊಮ್ಮೆ ಹಂಚುವ ರೇಷನ್ ಕಿಟ್‌ಗಿಂತ ಅದು ಅವರನ್ನು ಹೆಚ್ಚು ದಿನ ಕಾಪಾಡುತ್ತದೆ. ದಲ್ಲಾಳಿಯ ಕಮಿಷನ್ ಇಲ್ಲದಿರುವುದರಿಂದ ಕುಟುಂಬಕ್ಕೆ ಖರ್ಚು ಕಡಿಮೆ, ದುಡಿಯುವವಳಿಗೆ ಆದಾಯ ಹೆಚ್ಚು.

ಮೂರನೆಯದು ಇನ್ನೂ ಸುಲಭ. ವರ್ಷಗಟ್ಟಲೆ ಅತ್ತೆಯನ್ನೋ ತಾಯಿಯನ್ನೋ ನೋಡಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ವಾರದಲ್ಲಿ ಅರ್ಧ ದಿನ ಬಿಡುವು ಸಿಗುವಂತೆ ಸರದಿಯ ಪ್ರಕಾರ ಆ ಮನೆಗೆ ಹೋಗುವ ಸ್ವಯಂಸೇವಕರ ತಂಡ. ಆ ಅರ್ಧ ದಿನದಲ್ಲಿ ಅವಳು ತವರಿಗೆ ಹೋಗಿ ಬರಲಿ, ವೈದ್ಯರನ್ನು ಕಾಣಲಿ, ಅಥವಾ ಸುಮ್ಮನೆ ನಿದ್ರಿಸಲಿ. ರಕ್ತದಾನ ಶಿಬಿರಕ್ಕೆ ಸಾಲುಗಟ್ಟುವ, ಕೋವಿಡ್ ಕಾಲದಲ್ಲಿ ಶವಸಂಸ್ಕಾರಕ್ಕೆ ಹೆಗಲು ಕೊಟ್ಟ ನಮ್ಮ ಯುವಕರಿಗೆ ಇದು ಕಷ್ಟದ ಕೆಲಸವೇನಲ್ಲ. ಸತ್ತವರಿಗೆ ಗೌರವದ ಸ್ನಾನ ಮಾಡಿಸುವುದು ಇಡೀ ಊರಿನ ಹೊಣೆಯೆಂದು ನಾವು ನಂಬಿದ್ದೇವೆ. ಬದುಕಿರುವ ವೃದ್ಧರ ಸ್ನಾನ ಮಾತ್ರ ಒಬ್ಬಳ ಹೊಣೆಯಾಗುವುದು ಹೇಗೆ?

ಮುಂದಿನ ನಗರಸಭೆ, ಪುರಸಭೆ ಚುನಾವಣೆಗಳಲ್ಲಿ ಮತ ಕೇಳಲು ಬರುವವರ ಮುಂದೆ ರಸ್ತೆ, ಚರಂಡಿಗಳ ಜೊತೆಗೆ ಈ ಪ್ರಶ್ನೆಯನ್ನೂ ಇಡೋಣ: ನಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದ ವೃದ್ಧರೆಷ್ಟು? ಅವರ ಮನೆಗೆ ತಿಂಗಳಿಗೊಮ್ಮೆಯಾದರೂ ನರ್ಸ್ ಬರುವ ವ್ಯವಸ್ಥೆಗೆ ನಿಮ್ಮ ಬಜೆಟ್‌ನಲ್ಲಿ ಎಷ್ಟು ಹಣವಿದೆ? ಆ ಪಟ್ಟಿ ಅವರ ಬಳಿ ಇರಲಾರದು. ಮಸೀದಿ ಕಮಿಟಿಯ ಮುಂದಿನ ಸಭೆಯಲ್ಲಿ ಒಂದು ನೋಟ್ ಪುಸ್ತಕ ತೆರೆದು ನಾವೇ ಅದನ್ನು ತಯಾರಿಸೋಣ. ಮೊಹಲ್ಲಾದ ಪ್ರತಿ ಮನೆಯ ಹಿರಿಯರ ಹೆಸರಿನ ಮುಂದೆ, ಅವರನ್ನು ನೋಡಿಕೊಳ್ಳುತ್ತಿರುವವರ ಹೆಸರನ್ನೂ ಬರೆಯೋಣ. ಕೆಲಸ ಆರಂಭವಾಗಬೇಕಾದುದು ಆ ಎರಡನೆಯ ಹೆಸರಿನಿಂದ.